ಐಸಿಯುವಿನಿಂದ ಫೋನ್ ಬಂದಾಗ

(ಫರ್ವಾನಿಯದಲ್ಲಿ ಶುಕ್ರವಾರ ಸಂಜೆ ನಡೆದ ಆರೋಗ್ಯ ಮಾಹಿತಿ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಡಾಕ್ಟರು ಬಿಪಿ, ಶುಗರಿನ ಬಗ್ಗೆ ಮಾತಾಡಿ ಆಯಿತು. ಈಗ ಒಬ್ಬ ಅಕೌಂಟೆಂಟ್ ಎದ್ದು ನಿಂತು ಐಸಿಯು ಬಗ್ಗೆ ಮಾತಾಡುವುದು ಎಂದರೆ ನಗು ಬರಬಹುದು. ನಾವು ಊರಲ್ಲಿ ಬಿ.ಕಾಂ. ಮಾಡಿ ಬಂದವರು, ಇಲ್ಲಿ ಒಂದು ಟ್ರೇಡಿಂಗ್ ಕಂಪೆನಿಯ ಲೆಕ್ಕ ಬರೆಯುವವರು. ಔಷಧಿ ಬರೆಯುವ ಅಧಿಕಾರ ನಮಗಿಲ್ಲ, ಬರೆಯುವುದೂ ಇಲ್ಲ. ಆದರೆ 2020 ಮತ್ತು 2021ರಲ್ಲಿ ನಮ್ಮ ಸಹಾಯ ನಿಧಿಯ ಪುಸ್ತಕ ನಮ್ಮ ಕೈಯಲ್ಲಿತ್ತು. ಯಾರಿಗೆ ಕೊಟ್ಟದ್ದು, ಯಾಕೆ ಕೊಟ್ಟದ್ದು, ಅದರಿಂದ ಏನಾಯಿತು ಎಂದು ಅದರಲ್ಲಿ ಉಂಟು. ಕಳೆದ ತಿಂಗಳು ಆಡಿಟ್‌ಗೆ ಎಂದು ಹಳೆಯ ಪುಸ್ತಕ ತೆಗೆದಾಗ ಆ ಎರಡು ವರ್ಷದ ಪುಟಗಳನ್ನು ಪೂರ್ತಿ ಓದಿದೆವು. ಓದಿ ಮುಗಿಸುವಾಗ ರಾತ್ರಿ ಎರಡು ಗಂಟೆ.

ಇನ್ನೊಂದು ಕಾರಣವೂ ಉಂಟು. ಹಿಂದಿನ ಸಭೆಯಲ್ಲಿ ಒಂದು ಸಲಹೆ ಬಂತು. ಊರಿನ ಒಂದು ಸರಕಾರಿ ಆಸ್ಪತ್ರೆಗೆ ನಮ್ಮ ಸಂಘದ ಕಡೆಯಿಂದ ವೆಂಟಿಲೇಟರ್ ಕೊಡುವ, ಮೇಲೆ ಹೆಸರು ಬರೆಸುವ ಎಂದು. ಒಳ್ಳೆಯ ಮನಸ್ಸಿನಿಂದ ಬಂದ ಮಾತು. ಬೇಡ ಎನ್ನುವವರು ಕಂಜೂಸ್ ಅನ್ನಿಸಿಕೊಳ್ಳುತ್ತಾರೆ. ಆದರೂ ಆ ಬಗ್ಗೆ ನಮ್ಮ ಅಭಿಪ್ರಾಯ ಹೇಳಲೇಬೇಕು. ಅದಕ್ಕೆ ಮೊದಲು ಮೂರು ಕತೆ ಕೇಳಿ. ಹೆಸರು ಯಾರದ್ದೂ ಹೇಳುವುದಿಲ್ಲ, ಗೊತ್ತಿದ್ದವರು ಸುಮ್ಮನಿರಿ.

ಮೊದಲನೆಯದು ಇಲ್ಲಿಯದ್ದೇ. 2020 ಫೆಬ್ರವರಿ 24ಕ್ಕೆ ಕುವೈತ್‌ನಲ್ಲಿ ಮೊದಲ ಕೊರೊನ ಕೇಸುಗಳು ಸಿಕ್ಕಿದವು. ಮಾರ್ಚ್ 13ಕ್ಕೆ ವಿಮಾನ ನಿಂತಿತು, 22ಕ್ಕೆ ಕರ್ಫ್ಯೂ. ಏಪ್ರಿಲ್ ಮೊದಲ ವಾರದಲ್ಲಿ ಜಲೀಬನ್ನೂ ಮಹಬೂಲವನ್ನೂ ಬೇಲಿ ಹಾಕಿ ಮುಚ್ಚಿದರು. ಜಲೀಬಿನಲ್ಲಿ ಇದ್ದವರು ಇಲ್ಲಿ ಎಷ್ಟೋ ಜನ ಕೂತಿದ್ದೀರಿ, ನಿಮಗೆ ನಾವು ಹೇಳಬೇಕಾಗಿಲ್ಲ. ಒಂದು ರೂಮಿನಲ್ಲಿ ಎಂಟು ಜನ, ಒಂದು ಬಾತ್‌ರೂಮ್, ದೂರ ಇರಿ ಎಂದರೆ ಎಲ್ಲಿಗೆ ಹೋಗುವುದು?

ಅಲ್ಲಿ ಬಕಾಲದಲ್ಲಿ ಕೆಲಸ ಮಾಡುತ್ತಿದ್ದ ಉಪ್ಪಳ ಕಡೆಯ ಒಬ್ಬರಿಗೆ ಜ್ವರ ಬಂತು. ಇಖಾಮ ಮುಗಿದಿತ್ತು. ಆಸ್ಪತ್ರೆಗೆ ಹೋದರೆ ಹಿಡಿಯುತ್ತಾರೆ, ಬೇರೆ ಕಡೆ ಹಾಕುತ್ತಾರೆ, ರೂಮಿನವರಿಗೂ ತೊಂದರೆ ಎಂದು ಹೆದರಿ ಬೆಡ್‌ಶೀಟಿನ ಮರೆಯಲ್ಲಿ ಏಳು ದಿನ ಮಲಗಿದರು. ರೂಮಿನವರು ಕಷಾಯ ಮಾಡಿ ಕೊಟ್ಟರು, ಪನಡೋಲ್ ಕೊಟ್ಟರು, ಗಂಜಿ ಕೊಟ್ಟರು. ಪ್ರೀತಿಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ತುಟಿ ನೀಲಿ. ಆಗ 112ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬಂತು. ಇಖಾಮ ಯಾರೂ ಕೇಳಲಿಲ್ಲ, ದುಡ್ಡೂ ಕೇಳಲಿಲ್ಲ.

ಈ ದೇಶದ ಆಸ್ಪತ್ರೆಗಳಲ್ಲಿ ಯಂತ್ರಕ್ಕೆ ಬರಗಾಲ ಇರಲಿಲ್ಲ. ಜಾಬರ್ ಆಸ್ಪತ್ರೆಯನ್ನು ಪೂರ್ತಿ ಕೊರೊನಕ್ಕೆ ಬಿಟ್ಟಿದ್ದರು, ಮಿಶ್ರಿಫ್‌ನ ಎಕ್ಸಿಬಿಷನ್ ಜಾಗದಲ್ಲಿ ಫೀಲ್ಡ್ ಆಸ್ಪತ್ರೆ ಮಾಡಿದ್ದರು. ನಮ್ಮವರಿಗೆ ವೆಂಟಿಲೇಟರೂ ಸಿಕ್ಕಿತು, ಮಲಯಾಳಂ ಮಾತಾಡುವ ಸಿಸ್ಟರೂ ಸಿಕ್ಕಿದರು. ಒಂಬತ್ತನೆಯ ದಿನ ತೀರಿಕೊಂಡರು. ಸುಲೈಬಿಖಾತ್ ಖಬರಸ್ಥಾನದಲ್ಲಿ ದಫನ. ನಮ್ಮಲ್ಲಿ ಯಾರಿಗೂ ಹೋಗಲು ಆಗಲಿಲ್ಲ.

ಎರಡನೆಯದು 2021ರ ಮೇ. ನಮ್ಮ ರೂಮಿನವರೇ ಒಬ್ಬರು, ಬಂಟ್ವಾಳ ತಾಲೂಕಿನವರು. ಅವರ ಉಮ್ಮನಿಗೆ ಅರುವತ್ತು ದಾಟಿತ್ತು, ಶುಗರ್ ಇತ್ತು. ಜ್ವರದ ಐದನೆಯ ದಿನ ಆಕ್ಸಿಮೀಟರ್ 91 ತೋರಿಸಿತು. ಪಕ್ಕದ ಮನೆಯ ಹುಡುಗ ರಿಕ್ಷಾದಲ್ಲಿ ಕೂರಿಸಿ ಹತ್ತಿರದ ಚಿಕ್ಕ ಆಸ್ಪತ್ರೆಗೆ ತಂದ. ಅಲ್ಲಿ ಆಕ್ಸಿಜನ್ ಇರುವ ಹಾಸಿಗೆ ಇತ್ತು, ವೆಂಟಿಲೇಟರ್ ಇರಲಿಲ್ಲ. ಇಲ್ಲಿ ರೂಮಿನಲ್ಲಿ ಮಗ ಗೋಡೆಗೆ ತಲೆ ಕೊಟ್ಟು ಕೂತಿದ್ದಾರೆ. ದಮ್ಮಾಮಿನಲ್ಲಿರುವ ಅಣ್ಣ ಫೋನಿನಲ್ಲಿ ಬೊಬ್ಬೆ: ‘ಅಲ್ಲಿ ಇಟ್ಟರೆ ಸಾಯಿಸುತ್ತಾರೆ, ಈಗಲೇ ಮಂಗಳೂರಿಗೆ ಹಾಕಿ.’ ಮಂಗಳೂರಿನಲ್ಲಿ ಆ ವಾರ ಐಸಿಯು ಬೆಡ್ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ.

ಆ ಡ್ಯೂಟಿ ಡಾಕ್ಟರು ಚಿಕ್ಕ ಪ್ರಾಯದವರು. ಫೋನಿನಲ್ಲಿ ಮಗನಿಗೆ ಹೇಳಿದ್ದು ನಮಗೆ ಸ್ಪೀಕರಿನಲ್ಲಿ ಕೇಳಿತು. ‘ನೋಡಿ, ನಿಮ್ಮ ತಾಯಿಗೆ ಈಗ ಬೇಕಾದ್ದು ಆಕ್ಸಿಜನ್. ಅದು ನನ್ನ ಹತ್ತಿರ ಉಂಟು. ಬೆಡ್ ಗ್ಯಾರಂಟಿ ಇಲ್ಲದೆ ದಾರಿಗೆ ಹಾಕಿದರೆ ದಾರಿಯಲ್ಲಿ ಅದೂ ಇರುವುದಿಲ್ಲ. ನಾಳೆ ಬೆಳಿಗ್ಗೆವರೆಗೆ ನೋಡುವ. ಹೆಚ್ಚು ಬೇಕಾಗುವ ಲಕ್ಷಣ ಕಂಡರೆ ನಾನೇ ಮೊದಲು ಹೇಳುತ್ತೇನೆ.’ ಮಾಸ್ಕ್ ಹಾಕಿದರು. ಕವುಚಿ ಮಲಗಿಸಿದರು. ಸ್ಟೆರಾಯ್ಡ್ ಕೊಟ್ಟರು, ಅದರಿಂದ ಶುಗರ್ ಏರಿದಾಗ ಇನ್ಸುಲಿನ್ ಕೊಟ್ಟರು. ರಾತ್ರಿ ಪಾಳಿಯ ಒಬ್ಬರು ಸಿಸ್ಟರ್ ಎರಡು ಗಂಟೆಗೊಮ್ಮೆ ಬಂದು ‘ಉಮ್ಮ, ತಿರುಗಿ ಮಲಗಿ’ ಎನ್ನುತ್ತಿದ್ದರಂತೆ. ಹನ್ನೊಂದು ದಿನ ಹೀಗೆ. ಹನ್ನೆರಡನೆಯ ದಿನ ಉಮ್ಮ ಮನೆಗೆ ಬಂದರು. ಈಗಲೂ ಇದ್ದಾರೆ, ಆ ಸಿಸ್ಟರಿನ ಹೆಸರು ಅವರಿಗೆ ನೆನಪಿಲ್ಲ, ದನಿ ನೆನಪುಂಟು ಎನ್ನುತ್ತಾರೆ.

ಎಲ್ಲ ಯಂತ್ರ ಇದ್ದಲ್ಲಿ ಒಬ್ಬರು ಹೋದರು, ವೆಂಟಿಲೇಟರ್ ಇಲ್ಲದಲ್ಲಿ ಒಬ್ಬರು ಉಳಿದರು. ಹಾಗಂತ ಯಂತ್ರ ಬೇಡ ಎಂದು ಅರ್ಥ ಮಾಡಬೇಡಿ. ಎರಡು ವೋಚರ್ ನೋಡಿ ವರ್ಷದ ಬ್ಯಾಲೆನ್ಸ್ ಶೀಟ್ ಬರೆಯಲು ಆಗುವುದಿಲ್ಲ ಎಂದು ನಮಗೆ ಗೊತ್ತುಂಟು. ಆ ಉಮ್ಮನಿಗೆ ಇನ್ನೂ ಜೋರಾಗಿದ್ದರೆ ಆ ಚಿಕ್ಕ ಆಸ್ಪತ್ರೆಯಲ್ಲಿ ಉಳಿಯುತ್ತಿರಲಿಲ್ಲ. ನಾವು ಹೇಳುವುದು ಇಷ್ಟೇ: ಕಾಯಿಲೆಯ ಯಾವ ಹಂತದಲ್ಲಿ ಯಾವುದು ಕೆಲಸ ಮಾಡುತ್ತದೆ ಎಂದು ದುಡ್ಡು ಕಳಿಸುವ ನಮಗೆ ಗೊತ್ತಿರಬೇಕು.

ವೈರಸ್ ಶ್ವಾಸಕೋಶಕ್ಕೆ ಇಳಿದರೆ, ಅದು ಕೊರೊನ ಇರಲಿ, ಎಚ್1ಎನ್1 ಇರಲಿ, ಆಗುವುದು ಹೆಚ್ಚುಕಮ್ಮಿ ಒಂದೇ. ಗಾಳಿ ಒಳಗೆ ಹೋಗುತ್ತದೆ, ಆದರೆ ಅದರಲ್ಲಿನ ಆಕ್ಸಿಜನ್ ರಕ್ತಕ್ಕೆ ದಾಟುವುದಿಲ್ಲ. ಆಗ ಮೊದಲು ಮೂಗಿಗೆ ಸಣ್ಣ ನಳಿಗೆ, ನಿಮಿಷಕ್ಕೆ ಐದು ಲೀಟರಿನವರೆಗೆ. ಸಾಲದಿದ್ದರೆ ಮಾಸ್ಕ್. ಅದೂ ಸಾಲದಿದ್ದರೆ ಚೀಲ ಇರುವ ಮಾಸ್ಕ್, ನಿಮಿಷಕ್ಕೆ ಹದಿನೈದು ಲೀಟರಿನವರೆಗೆ. ಆಮೇಲೆ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರಗಳು, ನಿಮಿಷಕ್ಕೆ ಅರುವತ್ತು ಲೀಟರ್ ಬಿಡುವ ಹೈಫ್ಲೋ. ಕೊನೆಗೆ ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರ್. ಒಂದೊಂದು ಮೆಟ್ಟಿಲು ಏರಿದ ಹಾಗೆ ನೋಡಿಕೊಳ್ಳುವ ಜನ ಹೆಚ್ಚು ಬೇಕು. ವೆಂಟಿಲೇಟರಿನಲ್ಲಿರುವ ರೋಗಿಗೆ ಒಬ್ಬರು ನರ್ಸ್, ಹೆಚ್ಚೆಂದರೆ ಇಬ್ಬರಿಗೆ ಒಬ್ಬರು ಇರಬೇಕು, ಹಗಲೂ ರಾತ್ರಿಯೂ. ಕಫ ತೆಗೆಯಬೇಕು, ಮಗ್ಗುಲು ಬದಲಿಸಬೇಕು, ನಿದ್ದೆಯ ಔಷಧಿಯ ಪ್ರಮಾಣ ನೋಡಬೇಕು, ಅಲಾರಂ ಹೊಡೆದರೆ ಅರ್ಧ ನಿಮಿಷದಲ್ಲಿ ಅಲ್ಲಿರಬೇಕು. ವೆಂಟಿಲೇಟರ್ ವೈರಸ್ಸನ್ನು ಕೊಲ್ಲುವುದಿಲ್ಲ. ಶ್ವಾಸಕೋಶ ತಾನಾಗಿ ವಾಸಿ ಆಗುವವರೆಗೆ ದಿನ ದೂಡಿ ಕೊಡುತ್ತದೆ, ಅಷ್ಟೆ.

ಈಗ ನಮ್ಮ ಕಸುಬಿನ ಲೆಕ್ಕಕ್ಕೆ ಬರುವ. ಆಸ್ಪತ್ರೆಗೆ ಬರುವ ದೊಡ್ಡ ಸಿಲಿಂಡರ್ ನೋಡಿದ್ದೀರಲ್ಲ, ಜಂಬೊ ಎನ್ನುತ್ತಾರೆ. ಅದರಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್. ನಿಮಿಷಕ್ಕೆ 5 ಲೀಟರ್ ತೆಗೆದುಕೊಳ್ಳುವ ಒಬ್ಬರಿಗೆ ಅದು 23 ಗಂಟೆ ಬರುತ್ತದೆ. 15 ಲೀಟರಾದರೆ ಎಂಟು ಗಂಟೆಯೂ ಇಲ್ಲ. ಹೈಫ್ಲೋದಲ್ಲಿ ನಿಮಿಷಕ್ಕೆ 60 ಲೀಟರ್ ಶುದ್ಧ ಆಕ್ಸಿಜನ್ ಬಿಟ್ಟರೆ ಎರಡು ಗಂಟೆಗೆ ಸಿಲಿಂಡರ್ ಖಾಲಿ. ಒಂದು ವಾರ್ಡಿನಲ್ಲಿ 20 ಜನ, ತಲಾ 10 ಲೀಟರ್ ಎಂದರೆ ದಿನಕ್ಕೆ 41 ಸಿಲಿಂಡರ್. ಅವರಲ್ಲಿ 10 ಜನರಿಗೆ ಜೋರಾಗಿ ಹೈಫ್ಲೋಗೆ ಹಾಕಿದರೆ ಅದೇ ವಾರ್ಡಿಗೆ ದಿನಕ್ಕೆ 144. ರೋಗಿಗಳು ಒಬ್ಬರೂ ಹೆಚ್ಚಾಗಿಲ್ಲ, ಖರ್ಚು ಮೂರೂವರೆ ಪಟ್ಟು ಆಯಿತು. ನಿನ್ನೆಯ ಖರ್ಚು ನೋಡಿ ಇವತ್ತಿನ ಆರ್ಡರ್ ಕೊಟ್ಟ ಸ್ಟೋರ್‌ಕೀಪರ್ ಅವತ್ತು ರಾತ್ರಿ ಕೈ ಎತ್ತುತ್ತಾನೆ. ನಮ್ಮ ಗೋಡೌನಿನಲ್ಲಿ ಅಕ್ಕಿ ಮುಗಿದರೆ ಗ್ರಾಹಕ ಬೈದು ಹೋಗುತ್ತಾನೆ, ಅಲ್ಲಿ ಹಾಗಲ್ಲ.

2021ರ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆದದ್ದು ಇದುವೇ. ಜಿಲ್ಲಾ ಆಸ್ಪತ್ರೆ, ಸಿಲಿಂಡರ್ ಬರಬೇಕಾದ್ದು ಮೈಸೂರಿನಿಂದ. ಬರಲಿಲ್ಲ, ತಡವಾಯಿತು, ಕಡಿಮೆ ಬಂತು. ಬೆಳಗಾಗುವಾಗ 24 ಮಂದಿ ಸತ್ತಿದ್ದರು ಎಂದು ಮೊದಲ ದಿನದ ಲೆಕ್ಕ. ಅದರಲ್ಲಿ ಆಕ್ಸಿಜನ್ ಇಲ್ಲದೆ ಸತ್ತವರು ಎಷ್ಟು ಎಂದು ಅಧಿಕಾರಿಗಳು, ಮಂತ್ರಿಗಳು ಬಹಳ ದಿನ ಚರ್ಚೆ ಮಾಡಿದರು. ಹೈಕೋರ್ಟ್ ಸಮಿತಿ ಮಾಡಿ ತನಿಖೆಗೆ ಹಾಕಬೇಕಾಯಿತು. ಅದೇ ವಾರ, ಮೇ 5ಕ್ಕೆ, ಕರ್ನಾಟಕ ಹೈಕೋರ್ಟ್ ರಾಜ್ಯಕ್ಕೆ ದಿನಕ್ಕೆ 965 ಟನ್ ಬದಲು 1,200 ಟನ್ ಆಕ್ಸಿಜನ್ ಕೊಡಿ ಎಂದು ಕೇಂದ್ರಕ್ಕೆ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ಕೈ ಹಾಕಲಿಲ್ಲ.

ಆ ದಿನಗಳಲ್ಲೇ ಪಣಂಬೂರಿನ ಬಂದರಿಗೆ ನೌಕಾಪಡೆಯ ಹಡಗುಗಳು ಬಂದವು. ಐಎನ್‌ಎಸ್ ತಲ್ವಾರ್ ಬಹರೈನಿನಿಂದ 20 ಟನ್ನಿನ ಎರಡು ಟ್ಯಾಂಕ್ ದ್ರವ ಆಕ್ಸಿಜನ್ ತಂದಿತು. ಕೆಲವೇ ದಿನದಲ್ಲಿ ಕುವೈತಿನಿಂದಲೂ ಟ್ಯಾಂಕುಗಳು, ಸಿಲಿಂಡರುಗಳು ಬಂದು ಇಳಿದವು. 20 ಟನ್ ಎಂದರೆ ಎರಡು ಸಾವಿರಕ್ಕೂ ಹೆಚ್ಚು ಜಂಬೊ ಸಿಲಿಂಡರಿನಷ್ಟು ಗಾಳಿ. ನಮಗೆ ಊರಿಗೆ ಹೋಗಲು ವಿಮಾನ ಇಲ್ಲ, ಊರಿನಿಂದ ಬರಲು ದಾರಿ ಇಲ್ಲ. ನಾವು ದುಡಿಯುವ ದೇಶದ ಆಕ್ಸಿಜನ್ ಹಡಗು ಹತ್ತಿ ನಮ್ಮ ಮನೆಯ ಪಕ್ಕದ ಬಂದರಿಗೆ ಹೋಯಿತು. ಆ ವೀಡಿಯೊ ನಾವು ರೂಮಿನಲ್ಲಿ ಎಷ್ಟು ಸಲ ನೋಡಿದೆವೋ ಗೊತ್ತಿಲ್ಲ.

ಇನ್ನು ಮೂರನೆಯ ಕತೆ. ಇದನ್ನು ಹೇಳಲು ನಾಚಿಕೆ ಆಗುತ್ತದೆ, ಯಾಕೆಂದರೆ ಇದರಲ್ಲಿ ನಮ್ಮದೇ ತಪ್ಪು ಉಂಟು. ಪುಸ್ತಕದಲ್ಲಿ ಒಂದು ಸಾಲು: ‘ಇಂಜೆಕ್ಷನ್ 6, ರೂ. 90,000.’ ಒಬ್ಬರ ಭಾವ ಊರಿನ ಆಸ್ಪತ್ರೆಯಲ್ಲಿ ಜೋರಾಗಿದ್ದರು. ರೆಮ್‌ಡಿಸಿವಿರ್ ತಂದರೆ ಉಳಿಯುತ್ತಾರೆ ಎಂದು ಯಾರೋ ಹೇಳಿದರು. ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದು ನಾವೇ. ಒಂದು ಗಂಟೆಯೊಳಗೆ ದುಡ್ಡು ಸೇರಿತು, ಬ್ಲ್ಯಾಕಿನಲ್ಲಿ ಸಿಕ್ಕಿತು, ಕೊಟ್ಟರು. ಭಾವ ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲೇ, ಆಸ್ಪತ್ರೆಯಲ್ಲಿರುವ ಕೊರೊನ ರೋಗಿಗಳಿಗೆ ಈ ಇಂಜೆಕ್ಷನ್ ಕೊಡುವುದು ಬೇಡ, ಪ್ರಾಣ ಉಳಿಸುತ್ತದೆ ಎನ್ನಲು ಆಧಾರ ಸಾಲದು ಎಂದು ಹೇಳಿತ್ತು. ಆರು ತಿಂಗಳ ಹಿಂದಿನ ಮಾತು. ನಾವು ಓದಿರಲಿಲ್ಲ, ಕೇಳಲೂ ಇಲ್ಲ. ಆ ಮನೆಯವರು ಆಮೇಲೆ ಚಿನ್ನ ಅಡವಿಟ್ಟು ಆಸ್ಪತ್ರೆ ಬಿಲ್ಲು ಕಟ್ಟಿದರು. ಆ ತೊಂಬತ್ತು ಸಾವಿರ ಬಿಲ್ಲಿಗೆ ಕೊಟ್ಟಿದ್ದರೆ ಆ ಬಳೆಗಳು ಮನೆಯಲ್ಲಿ ಇರುತ್ತಿದ್ದವು.

ನಿಜವಾಗಿ ಪ್ರಾಣ ಉಳಿಸಿದ ಔಷಧಿ ಯಾವುದು ಎಂದರೆ ಡೆಕ್ಸಾಮೆಥಸೋನ್. ಹಳೆಯ ಸ್ಟೆರಾಯ್ಡ್, ಕೆಲವೇ ರೂಪಾಯಿಯದ್ದು, ಹಳ್ಳಿಯ ಮೆಡಿಕಲಿನಲ್ಲೂ ಇರುವಂಥದ್ದು. ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ 2020ರ ಜೂನಿನಲ್ಲಿ ಬಂತು. ವೆಂಟಿಲೇಟರಿನಲ್ಲಿದ್ದವರಲ್ಲಿ ಇದನ್ನು ಕೊಡದಿದ್ದಾಗ 100ಕ್ಕೆ 41 ಜನ ತೀರಿಕೊಂಡರೆ ಕೊಟ್ಟಾಗ 29. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ 26 ಇದ್ದದ್ದು 23 ಆಯಿತು. ಆದರೆ ಆಕ್ಸಿಜನ್ ಬೇಡದಿದ್ದವರಿಗೆ ಏನೂ ಲಾಭ ಇಲ್ಲ, ಕೆಟ್ಟದಾಗುವ ಸಂಶಯವೇ ಹೆಚ್ಚು. ದಯವಿಟ್ಟು ಇದನ್ನು ಕೇಳಿ ಜ್ವರ ಬಂದ ಕೂಡಲೇ ಯಾರೂ ಮೆಡಿಕಲಿಗೆ ಓಡಬೇಡಿ. 2021ರಲ್ಲಿ ಹಾಗೆ ಬೇಕಾಬಿಟ್ಟಿ ಸ್ಟೆರಾಯ್ಡ್ ತಿಂದು, ಶುಗರ್ ನೋಡದೆ, ಬ್ಲ್ಯಾಕ್ ಫಂಗಸ್ ಬಂದು ಕಣ್ಣು ಕಳಕೊಂಡವರು ನಮ್ಮ ರಾಜ್ಯದಲ್ಲೂ ಆದರು. ಡಾಕ್ಟರು ಬರೆದರೆ ಮಾತ್ರ.

ಕಡಿಮೆ ದುಡ್ಡಿನಲ್ಲಿ ಏನು ಮಾಡಬಹುದು ಎನ್ನುವುದಕ್ಕೆ ನಮ್ಮ ಪಕ್ಕದ ಬೆಂಚಿನವರ ದೇಶ ನೋಡಿ. ನಮ್ಮ ಜೊತೆ ಕೆಲಸ ಮಾಡುವ ಬಂಗಾಳಿಗಳನ್ನು ನಾವು ಸ್ವಲ್ಪ ಕೀಳಾಗಿ ಮಾತಾಡುವುದುಂಟು, ಸುಳ್ಳು ಹೇಳುವುದು ಯಾಕೆ. ಢಾಕಾದ ಐಸಿಡಿಡಿಆರ್‌ಬಿ ಆಸ್ಪತ್ರೆಯಲ್ಲಿ ಮೊಹಮ್ಮದ್ ಜೊಬಾಯರ್ ಚಿಶ್ತಿ ಎಂಬ ಡಾಕ್ಟರು ಇದ್ದಾರೆ. ನ್ಯುಮೋನಿಯ ಬಂದ ಮಕ್ಕಳಿಗೆ ವೆಂಟಿಲೇಟರ್ ಕೊಡುವಷ್ಟು ದುಡ್ಡು ಇಲ್ಲ. ಅವರು ಮಗು ಉಸಿರು ಬಿಡುವ ನಳಿಗೆಯ ತುದಿಯನ್ನು ನೀರು ತುಂಬಿದ ಶಾಂಪೂ ಬಾಟ್ಲಿಯೊಳಗೆ ಇಳಿಸಿದರು. ಉಸಿರು ಬಿಟ್ಟಾಗ ಗುಳ್ಳೆ ಬರುತ್ತದೆ, ಆ ನೀರಿನ ಒತ್ತಡ ಮಗುವಿನ ಶ್ವಾಸಕೋಶ ಮುಚ್ಚಿಹೋಗದ ಹಾಗೆ ಹಿಡಿದಿಡುತ್ತದೆ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರ ಪರೀಕ್ಷೆ ಬಂತು. ಸಾಮಾನ್ಯ ಆಕ್ಸಿಜನ್ ಕೊಟ್ಟ 67 ಮಕ್ಕಳಲ್ಲಿ 10 ತೀರಿಕೊಂಡರೆ, ಬಾಟ್ಲಿಯ 79 ಮಕ್ಕಳಲ್ಲಿ 3. ಬಾಟ್ಲಿ ಒಂದರಿಂದಲೇ ಅಲ್ಲ, ಅದರ ಪಕ್ಕದಲ್ಲಿ ಕಲಿತ ನರ್ಸುಗಳು, ಡಾಕ್ಟರುಗಳು ಇದ್ದರು ಎಂಬುದನ್ನು ಸೇರಿಸಿ ಓದಬೇಕು.

ಎಬೋಲ ಗೊತ್ತಲ್ಲ, ಆಫ್ರಿಕಾದ್ದು. 2014ರ ಸುತ್ತ ಪಶ್ಚಿಮ ಆಫ್ರಿಕಾದಲ್ಲಿ 28,000ಕ್ಕೂ ಹೆಚ್ಚು ಜನರಿಗೆ ಬಂದು 11,000ಕ್ಕೂ ಹೆಚ್ಚು ಜನ ಸತ್ತರು. ಅದೇ ವೈರಸ್ಸಿಗೆ ಅಮೆರಿಕ, ಯುರೋಪಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ 27 ಜನರಲ್ಲಿ ಸತ್ತವರು 5. ಡ್ರಿಪ್ ಹಾಕುವುದು, ರಕ್ತದ ಉಪ್ಪಿನಂಶ ದಿನಾ ನೋಡುವುದು, ಹತ್ತಿರ ಒಬ್ಬರು ಇರುವುದು, ಹೆಚ್ಚಿನ ವ್ಯತ್ಯಾಸ ಅದರಿಂದ ಬಂತು ಎನ್ನುತ್ತಾರೆ ಡಾಕ್ಟರುಗಳು.

ನಮ್ಮ ಗಡಿಯ ವಿಷಯ ಹೇಳದಿದ್ದರೆ ಮಂಜೇಶ್ವರ, ಕುಂಬಳೆಯವರು ಬೇಜಾರು ಮಾಡುತ್ತಾರೆ. ಅವರಿಗೆ ಆಸ್ಪತ್ರೆ ಎಂದರೆ ಯಾವಾಗಲೂ ಮಂಗಳೂರು. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಮಣ್ಣು ಹಾಕಿ ರಸ್ತೆ ಮುಚ್ಚಿದಾಗ ಆಂಬುಲೆನ್ಸುಗಳು ವಾಪಸ್ ಹೋದವು, ಚಿಕಿತ್ಸೆ ಸಿಗದೆ ಜನ ಸತ್ತರು, ಕೊರೊನ ಇಲ್ಲದವರು ಕೂಡ. ಕೇಸು ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆಗ ಕಾಸರಗೋಡಿಗೆ ತರಾತುರಿಯಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಕೊರೊನ ಆಸ್ಪತ್ರೆ ಮಾಡಿದರು, ಸೆಪ್ಟೆಂಬರಿನಲ್ಲಿ ಚಟ್ಟಂಚಾಲಿನಲ್ಲಿ ಟಾಟಾದವರು 500ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಕಟ್ಟಿ ಕೊಟ್ಟರು. ಹಾಸಿಗೆ ಬಂತು, ಜನ ಕೊಡಲು ಸರಕಾರಕ್ಕೆ ಸಮಯ ಹಿಡಿಯಿತು.

ಈಗ ಮುಖ್ಯ ವಿಷಯ. ಕೊರೊನ ಹೋಯಿತು ಎಂದು ಕೂರುವ ಹಾಗಿಲ್ಲ. ಕೇರಳದಲ್ಲಿ ನಿಪಾ 2018ರ ನಂತರ ಮತ್ತೆ ಮತ್ತೆ ಬಂತು. ಮಲೆನಾಡಿನಲ್ಲಿ ಮಂಗನ ಕಾಯಿಲೆ 1957ರಿಂದ ಉಂಟು. ಮಳೆಗಾಲದ ಡೆಂಗಿ, ಎಚ್1ಎನ್1 ಕೇಳುವುದೇ ಬೇಡ. ಊರಿನಲ್ಲಿ ಉಪ್ಪ, ಉಮ್ಮನಿಗೆ ಪ್ರಾಯ ಆಗುತ್ತಾ ಬಂತು. ಒಂದು ದಿನ ರಾತ್ರಿ ಫೋನ್ ಬರುತ್ತದೆ, ‘ಐಸಿಯುಗೆ ಹಾಕಿದ್ದಾರೆ’ ಎಂದು. ಆಗ ನಾವು ಮೊದಲು ಕೇಳುವುದು ‘ದುಡ್ಡು ಎಷ್ಟು ಬೇಕು?’ ಅದನ್ನು ಎರಡನೆಯದಾಗಿ ಕೇಳಿ.

ಮೊದಲು ಕೇಳಬೇಕಾದ್ದು, ಆಕ್ಸಿಜನ್ ಎಷ್ಟು ಲೀಟರಿನಲ್ಲಿದ್ದಾರೆ, ನಿನ್ನೆ ಎಷ್ಟಿತ್ತು. ನಿನ್ನೆ ಐದು, ಇವತ್ತು ಹದಿನೈದು ಎಂದಾದರೆ ದೊಡ್ಡ ಆಸ್ಪತ್ರೆಗೆ ಹಾಕುವ ಮಾತು ಅವತ್ತೇ ಆಡಬೇಕು. ನಾಳೆಗೆ ಇಟ್ಟರೆ ದಾರಿಯಲ್ಲಿ ತಡೆದುಕೊಳ್ಳುವ ಶಕ್ತಿ ರೋಗಿಗೆ ಇರುವುದಿಲ್ಲ. ಹೋಗುವಲ್ಲಿ ಬೆಡ್ ಉಂಟೆಂದು ಡಾಕ್ಟರಿಂದ ಡಾಕ್ಟರಿಗೆ ಫೋನ್ ಆಗಿರಬೇಕು, ಪರಿಚಯದ ಲೀಡರ್ ಹೇಳಿದ್ದು ಸಾಲದು. ಆಂಬುಲೆನ್ಸಿನಲ್ಲಿ ಎರಡು ಸಿಲಿಂಡರ್ ಇರಲಿ, ಜೊತೆಗೆ ಕಲಿತ ಒಬ್ಬರು ಇರಲಿ. ನಿನ್ನೆ ಹದಿನೈದು, ಇವತ್ತು ಹತ್ತು ಎಂದಾದರೆ ಅಲ್ಲಿಂದ ಅಲ್ಲಾಡಿಸಲು ಹೋಗಬೇಡಿ, ದೊಡ್ಡ ಹೆಸರಿನ ಆಸ್ಪತ್ರೆಯ ಆಸೆಗೆ ಬೀಳಬೇಡಿ. ಎಚ್ಚರ ಇರುವವರನ್ನು ಕವುಚಿ ಮಲಗಿಸಬಹುದೇ ಎಂದು ಕೇಳಿ. ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗೆ ಎಷ್ಟು ನರ್ಸ್ ಎಂದು ಕೇಳಿ, ಸಿಟ್ಟಿನಲ್ಲಿ ಬೇಡ, ಮರ್ಯಾದೆಯಲ್ಲಿ. ಹೊರಗಿನಿಂದ ಇಂಜೆಕ್ಷನ್ ತನ್ನಿ ಎಂದರೆ ಅದರ ಹೆಸರು ಬರೆಸಿಕೊಂಡು ಇನ್ನೊಬ್ಬರು ಡಾಕ್ಟರ ಹತ್ತಿರ ವಿಚಾರಿಸಿ. ಹತ್ತು ನಿಮಿಷದ ಕೆಲಸ, ಅಷ್ಟರಲ್ಲಿ ಏನೂ ಆಗುವುದಿಲ್ಲ.

ಡಾಕ್ಟರ ಹತ್ತಿರ ಮಾತಾಡಲು ಮನೆಯಿಂದ ಒಬ್ಬರೇ ಸಾಕು. ನಾಲ್ಕು ಮಕ್ಕಳು ನಾಲ್ಕು ದೇಶದಿಂದ ಫೋನ್ ಮಾಡಿದರೆ ಆ ಡ್ಯೂಟಿ ಡಾಕ್ಟರು ರೋಗಿಯನ್ನು ನೋಡುವುದು ಯಾವಾಗ? ಟ್ಯೂಬ್ ಹಾಕಬೇಕೋ ಬೇಡವೋ ಎನ್ನುವ ಪ್ರಶ್ನೆ ಬಂದರೆ, ಹಾಕಿದರೆ ವಾಪಸ್ ತೆಗೆಯುವ ನಿರೀಕ್ಷೆ ಎಷ್ಟು ಎಂದು ಧೈರ್ಯ ಮಾಡಿ ಕೇಳಬೇಕು. ಕೆಲವೊಮ್ಮೆ ಡಾಕ್ಟರು ಕಷ್ಟ ಎನ್ನುತ್ತಾರೆ. ದೂರದಲ್ಲಿರುವ ನಮಗೆ ಆಗ ‘ಎಷ್ಟು ಖರ್ಚಾದರೂ ಮಾಡಿ’ ಎನ್ನುವುದು ಸುಲಭ, ಹತ್ತಿರ ಇಲ್ಲದ ನೋವು ಹಾಗೆ ಮಾತಾಡಿಸುತ್ತದೆ. ಹತ್ತಿರ ಕೂತ ತಂಗಿಯೋ ಅತ್ತಿಗೆಯೋ ಏನು ಹೇಳುತ್ತಾರೆ ಎಂದು ಕೇಳಿ. ಅವರ ಮಾತಿಗೆ ನಮ್ಮ ಮಾತಿಗಿಂತ ತೂಕ ಹೆಚ್ಚು ಇರಲಿ.

ಖರ್ಚಿನ ಬಗ್ಗೆ ಒಂದು ಮಾತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಖರ್ಚಿನ 30 ಶೇಕಡಾ, 1.5 ಲಕ್ಷದವರೆಗೆ. ಗಲ್ಫಿನವರಿಗೆ ಇದು ಸಿಗುವುದಿಲ್ಲ ಎಂದು ನಮ್ಮವರು ಕಾರ್ಡೇ ಮಾಡಿಸುವುದಿಲ್ಲ. ರೇಷನ್ ಕಾರ್ಡ್, ಆಧಾರ್ ಇದ್ದರೆ ಮಾಡಿಸಬಹುದು. ತುರ್ತು ಅಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು. ಈ ಸಲ ಊರಿಗೆ ಹೋದಾಗ ಚಿನ್ನದಂಗಡಿಗೆ ಹೋಗುವ ಮೊದಲು ಈ ಕೆಲಸ ಮಾಡಿಸಿ.

ಇಲ್ಲಿ ಇರುವವರಿಗೆ: ರೂಮಿಗೊಂದು ಆಕ್ಸಿಮೀಟರ್ ಇಡಿ, ಕೆಲವೇ ದಿನಾರು. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರ ಹತ್ತಿರ, 90ಕ್ಕಿಂತ ಕೆಳಗೆ ಬಂದರೆ 112. ಕೂತಾಗ ಸರಿ ಇದ್ದು ಆರು ನಿಮಿಷ ನಡೆದ ಮೇಲೆ ಇಳಿದರೆ ಅದೂ ಲಕ್ಷಣವೇ. ಬೆರಳು ತಣ್ಣಗಿದ್ದರೆ ಸರಿಯಾಗಿ ತೋರಿಸುವುದಿಲ್ಲ, ಕಪ್ಪು ಮೈಬಣ್ಣದವರಿಗೆ ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತದೆ ಎಂದೂ ಕಂಡುಹಿಡಿದಿದ್ದಾರೆ. ಆದ್ದರಿಂದ 93 ಬಂದರೆ ‘ಒಂದೇ ಅಲ್ವಾ ಕಡಿಮೆ’ ಎನ್ನಬೇಡಿ. ಇಖಾಮದ ಸಮಸ್ಯೆ ಇದ್ದರೆ ನಮಗೆ ಫೋನ್ ಮಾಡಿ, ಅದನ್ನು ಆಮೇಲೆ ಎಂಬೆಸಿಯ ಹತ್ತಿರ ಮಾತಾಡುವ. ಬೆಡ್‌ಶೀಟಿನ ಹಿಂದೆ ಮಾತ್ರ ಯಾರನ್ನೂ ಮಲಗಿಸಬೇಡಿ.

ಹಾಗಾದರೆ ವೆಂಟಿಲೇಟರ್? 2021ರಲ್ಲಿ ಹಲವು ರಾಜ್ಯಗಳ ಜಿಲ್ಲಾ ಆಸ್ಪತ್ರೆಗಳಿಗೆ ವೆಂಟಿಲೇಟರುಗಳು ಬಂದು ನಡೆಸುವ ಜನ ಇಲ್ಲದೆ ಮೂಲೆಯಲ್ಲಿ ಕೂತ ಸುದ್ದಿ ನಾವೆಲ್ಲ ಓದಿದ್ದೇವೆ. ನಮ್ಮ ಹೆಸರಿನದ್ದೂ ಹಾಗೆ ಕೂರಬಾರದು. ನಾವು ಕೊಡಬೇಕೆಂದಿರುವ ಆಸ್ಪತ್ರೆಗೆ ನಮ್ಮ ಒಬ್ಬರು ಸದಸ್ಯರು ರಜೆಯಲ್ಲಿ ಹೋದಾಗ ಹೋಗಿ ನೋಡಿ ಬಂದರು. ಅಲ್ಲಿ ಆಕ್ಸಿಜನ್ ತಯಾರಿಸುವ ಪ್ಲಾಂಟ್ ಉಂಟು, ಕೊರೊನದ ನಂತರ ಹಾಕಿದ್ದು. ಹೆಚ್ಚು ಹೊತ್ತು ಬಂದ್ ಇರುತ್ತದಂತೆ, ಸರ್ವಿಸ್ ಮಾಡಿಸುವವರಿಲ್ಲ. ಸಿಲಿಂಡರಿನ ರೆಗ್ಯುಲೇಟರ್ ನಾಲ್ಕರಲ್ಲಿ ಎರಡು ಹಾಳು. ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ವೆಂಟಿಲೇಟರ್ ಕೊಟ್ಟರೆ ಅದನ್ನು ಬಿಚ್ಚುವವರು ಯಾರು?

ನಮ್ಮ ಲೆಕ್ಕ ಹೀಗೆ. ಅದೇ ದುಡ್ಡಿನಲ್ಲಿ ಪ್ಲಾಂಟಿಗೆ ಮೂರು ವರ್ಷದ ಸರ್ವಿಸ್ ಕಾಂಟ್ರ್ಯಾಕ್ಟ್, ರೆಗ್ಯುಲೇಟರುಗಳು, ವಾರ್ಡಿಗೆ ಆಕ್ಸಿಮೀಟರುಗಳು, ಅಲ್ಲಿನ ಸಿಸ್ಟರುಗಳಿಗೆ ಮಂಗಳೂರಿನಲ್ಲಿ ಐಸಿಯು ತರಬೇತಿ. ರಾತ್ರಿ ಪಾಳಿಗೆ ಇನ್ನೊಬ್ಬರು ನರ್ಸ್ ಇಡಲು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮೂಲಕ ಒಂದು ವರ್ಷದ ಸಂಬಳ ಕೊಡಲು ಆಗುತ್ತದಾ ಎಂದು ಕೇಳಿ ನೋಡಬೇಕು, ಸರಕಾರಿ ನಿಯಮ ಬಿಡುತ್ತದೋ ಇಲ್ಲವೋ. ಇದಕ್ಕೆ ಫೋಟೊ ಚೆನ್ನಾಗಿ ಬರುವುದಿಲ್ಲ, ಒಪ್ಪುತ್ತೇವೆ. ರೆಗ್ಯುಲೇಟರಿನ ಮೇಲೆ ಸಂಘದ ಹೆಸರು ಬರೆಸಲು ಜಾಗವೂ ಇಲ್ಲ.

ಬರುವ ಶುಕ್ರವಾರ ಅಸರ್ ಕಳೆದು ಕಮಿಟಿ ಕೂರುತ್ತದೆ. ವೆಂಟಿಲೇಟರ್ ಬೇಕು ಎನ್ನುವವರೂ ಬನ್ನಿ, ಕೊಟೇಶನ್ ಎರಡೂ ಕಡೆಯದ್ದು ಮೇಜಿನ ಮೇಲೆ ಇಡುತ್ತೇವೆ, ಕೈ ಎತ್ತಿ ತೀರ್ಮಾನ ಮಾಡುವ. ಫೋನ್ ಬಂದಾಗ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಪ್ರಿಂಟ್ ಹಾಕಿಸಿದ್ದೇವೆ, ಬಾಗಿಲ ಹತ್ತಿರ ಚಹಾದ ಮೇಜಿನಲ್ಲಿ ಉಂಟು. ಎರಡು ತೆಗೆದುಕೊಳ್ಳಿ, ಒಂದನ್ನು ಫೋಟೊ ತೆಗೆದು ಊರಿಗೆ ಕಳಿಸಿ. ಕನ್ನಡ ಓದಲು ಬಾರದವರಿಗೆ ಬ್ಯಾರಿಯಲ್ಲಿ ಹೇಳಿದ ಆಡಿಯೊವನ್ನು ನಾಳೆ ಗ್ರೂಪಿಗೆ ಹಾಕುತ್ತೇವೆ.